ಉಳುಕಿದ ಕಾಲಿಗೆ ಸುತ್ತುವ ಬಿಳಿ ಟೇಪಿನ ಕಥೆ

ಎರಡು ವರ್ಷದ ಹಿಂದೆ ಪಕ್ಕದ ಊರಿನ ಜಾತ್ರೆಗೆ ಕಬಡ್ಡಿ ಪಂದ್ಯದ ವರದಿ ಮಾಡಲು ಹೋಗಿದ್ದೆವು. ಸೆಮಿಫೈನಲ್‌ನಲ್ಲಿ ರೈಡ್‌ಗೆ ಹೋದ ಹುಡುಗನ ಕಾಲು ಉಳುಕಿತು. ಯಾರೋ ಮೆಡಿಕಲ್ ಸ್ಟೋರಿಗೆ ಓಡಿ ಬಿಳಿ ಟೇಪ್ ತಂದರು. ಗಿಣ್ಣಿಗೆ ಬಿಗಿಯಾಗಿ ಸುತ್ತಿದರು. ಹುಡುಗ ಫೈನಲ್ ಆಡಿದ, ತಂಡ ಗೆದ್ದಿತು. 'ನೋವು ಮರೆತು ಗೆದ್ದ ಛಲಗಾರ' ಎಂದು ನಾವೇ ಹೆಡ್ಡಿಂಗ್ ಕೊಟ್ಟೆವು. ಮುಂದಿನ ವರ್ಷದ ಜಾತ್ರೆಯಲ್ಲಿ ಅದೇ ಹುಡುಗ ಅಂಕಣದ ಹೊರಗೆ ಕುಂಟುತ್ತಾ ನಿಂತಿದ್ದ. ಅವತ್ತು ನಾವು ಬರೆದದ್ದು ಸರಿಯೇ ಎಂಬ ಅನುಮಾನ ಕಾಡಿತು. ಹಾಗಾಗಿ ಆ ಟೇಪಿನ ಇತಿಹಾಸವನ್ನೇ ಹುಡುಕಿಕೊಂಡು ಹೊರಟೆವು.

ಗಾಯಕ್ಕೆ ಅಂಟುಪಟ್ಟಿ ಹಚ್ಚುವುದು ಹಳೆಯ ಕಾಲದಿಂದಲೂ ಇತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಪಾಲ್ ಬೈಯರ್ಸ್‌ಡಾರ್ಫ್ 1882ರಲ್ಲಿ ಇಂಥ ಪಟ್ಟಿ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಆ ಕಾಲದ ಅಂಟು ಚರ್ಮಕ್ಕೆ ಉರಿ ತರುತ್ತಿತ್ತು. ಅದಕ್ಕೆ ಜಿಂಕ್ ಆಕ್ಸೈಡ್ ಸೇರಿಸಿದ ಮೇಲೆ ಉರಿ ಕಡಿಮೆಯಾಯಿತು. ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 1899ರಲ್ಲಿ ಅಂಥ ಪಟ್ಟಿ ತಂದಿತು. 1901ರಲ್ಲಿ ಬೈಯರ್ಸ್‌ಡಾರ್ಫ್ ಕಂಪನಿಯ ಲ್ಯೂಕೋಪ್ಲಾಸ್ಟ್ ಬಂತು. ಈ ಹೆಸರು ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಇವತ್ತಿಗೂ ಇದೆ.

ಉಳುಕಿಗೆ ಪಟ್ಟಿ ಕಟ್ಟುವ ಕ್ರಮಕ್ಕೆ ಹೆಸರು ತಂದವರು ನ್ಯೂಯಾರ್ಕಿನ ಮೂಳೆ ವೈದ್ಯ ವರ್ಜಿಲ್ ಗಿಬ್ನಿ. ಕೆಲಸ ಕೆಡದೆ, ಊರುಗೋಲು ಹಿಡಿಯದೆ ಉಳುಕು ವಾಸಿ ಮಾಡುವ ಬಗ್ಗೆ ಅವರು 1895ರಲ್ಲಿ ಲೇಖನ ಬರೆದರು. ಒಂದು ಪಟ್ಟಿ ಹಿಮ್ಮಡಿಯ ಕೆಳಗಿನಿಂದ ಮೇಲಕ್ಕೆ, ಇನ್ನೊಂದು ಪಾದದ ಸುತ್ತ ಅಡ್ಡಕ್ಕೆ, ಹೀಗೆ ಬುಟ್ಟಿ ಹೆಣೆದ ಹಾಗೆ ಕಟ್ಟುವುದು. ಇಂದಿಗೂ ಹೊಸ ಉಳುಕಿಗೆ ಹೀಗೆ ಕಟ್ಟುವಾಗ ಮುಂಭಾಗ ತೆರೆದೇ ಬಿಡುತ್ತಾರೆ. ಕಾಲು ಊದಿದರೆ ರಕ್ತ ಓಡಾಡಲು ಜಾಗ ಬೇಕಲ್ಲ! ನಮ್ಮ ಜಾತ್ರೆಯಲ್ಲಿ ಸುತ್ತಲೂ ಬಿಗಿದದ್ದೇ ಮೊದಲ ತಪ್ಪು.

ಹಾಗಾದರೆ ಟೇಪ್ ಎಷ್ಟು ಹೊತ್ತು ಹಿಡಿದಿರುತ್ತದೆ? 1962ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಅಳೆದರು. 10 ನಿಮಿಷ ಜೋರಾಗಿ ಕಸರತ್ತು ಮಾಡಿದರೆ ಟೇಪಿನ ಆಸರೆ ಸುಮಾರು ಶೇ 40ರಷ್ಟು ಕಡಿಮೆಯಾಗುತ್ತಿತ್ತು. ಪುರುಷರ ಕಬಡ್ಡಿ ಪಂದ್ಯ 20 ನಿಮಿಷದ ಎರಡು ಅವಧಿಯದು. ಮೊದಲ ಅವಧಿ ಮುಗಿಯುವ ಮೊದಲೇ ಆ ಕಟ್ಟು ಸಡಿಲವಾಗಿರುತ್ತದೆ!

ಟೇಪಿನಿಂದ ಲಾಭವೇ ಇಲ್ಲವೆಂದಲ್ಲ. 1973ರಲ್ಲಿ ಗ್ಯಾರಿಕ್ ಮತ್ತು ರೆಕ್ವಾ ಎಂಬ ಸಂಶೋಧಕರು ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರ ಅಧ್ಯಯನ ಪ್ರಕಟಿಸಿದರು. ಟೇಪ್ ಸುತ್ತಿ, ಗಿಣ್ಣು ಮುಚ್ಚುವ ಎತ್ತರದ ಬೂಟು ಹಾಕಿದವರಲ್ಲಿ ಉಳುಕು ಕಡಿಮೆ ಇತ್ತು. ಹಿಂದೊಮ್ಮೆ ಕಾಲು ಉಳುಕಿಸಿಕೊಂಡಿದ್ದವರಿಗೆ ಇದರ ಲಾಭ ಹೆಚ್ಚು. ಅಂದರೆ ಹಳೆಯ ಉಳುಕು ವಾಸಿಯಾದ ಮೇಲೆ ಮತ್ತೆ ಉಳುಕದಂತೆ ಕಾಯುವುದು ಟೇಪಿನ ಕೆಲಸ. ಆಗಷ್ಟೇ ಹರಿದ ಲಿಗಮೆಂಟನ್ನು ಅದೇ ದಿನ ಆಟಕ್ಕಿಳಿಸುವುದು ಅದರ ಕೆಲಸವಲ್ಲ.

ಟಿವಿಯಲ್ಲಿ ಕಾಣುವ ಬಣ್ಣಬಣ್ಣದ, ಹಿಗ್ಗುವ ಟೇಪು ಬೇರೆ. ಅದನ್ನು ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜಕ್ಕೆ ಅಂಟಿಸಿಕೊಂಡು ಆಡಿದ ಮೇಲೆ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಆದರೆ ಅದರಿಂದ ಗಾಯ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ.

ಕೊನೆಗೆ ಒಂದು ಮಾತು. 1992ರಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ಒಂದು ಸರಳ ನಿಯಮ ಪ್ರಕಟಿಸಿದರು. ಗಿಣ್ಣಿನ ಸುತ್ತ ನೋವಿದ್ದು, ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ಗಿಣ್ಣಿನ ಎಲುಬಿನ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೂ ಬೇಕು. ಇದಕ್ಕೆ ನಾವು ಸೇರಿಸುವುದಿಷ್ಟೇ: ಟೇಪ್ ಸುತ್ತಿದ ಮೇಲೆ ಬೆರಳು ಜುಮ್ಮೆಂದರೆ, ತಣ್ಣಗಾದರೆ, ನೀಲಿಯಾದರೆ ತಕ್ಷಣ ಬಿಚ್ಚಿ.

ಅವತ್ತು ಆ ಹುಡುಗನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದವರು ಯಾರೂ ಇರಲಿಲ್ಲ. ಕ್ಯಾಮೆರಾ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾವೂ ನೋಡಲಿಲ್ಲ. ಈ ಸಲದ ಜಾತ್ರೆಗೆ ನಿಮ್ಮೂರಲ್ಲಿ ಪಂದ್ಯವಿದ್ದರೆ, ಟೇಪ್ ತರಲು ಓಡುವ ಮೊದಲು ಹುಡುಗನನ್ನು ಕೂರಿಸಿ. ಫೈನಲ್ ಮುಂದಿನ ವರ್ಷವೂ ಬರುತ್ತದೆ.