ಸುಮ್ಮನಿದ್ದಾಗ ತಿನ್ನುವ ಕರೆಂಟು

1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಚಿತ್ತಾಪುರ, ಮಳಖೇಡ, ಸೇಡಂ ಅದೇ ಹಾದಿಯ ಊರುಗಳು. ಹಳಿಯ ಜೊತೆ ತಾರು ಬಂತು, ತಾರಿನ ಜೊತೆ ಸೆಲ್ಲು ಬಂತು. ನಮ್ಮ ಸೀಮೆಯಲ್ಲಿ ಮನೆಗೆ ಲೈಟು ಬರುವ ಎಷ್ಟೋ ಮೊದಲೇ ಸ್ಟೇಷನ್ನುಗಳಲ್ಲಿ ಸೆಲ್ಲು ದುಡಿಯುತ್ತಿತ್ತು.

ರೈಲು ಕಾಣದ ಚಿಂಚೋಳಿಗೆ ಸೆಲ್ಲು ಹೋದದ್ದು ಟಾರ್ಚು, ರೇಡಿಯೊಗಳ ಮೂಲಕ. ಹಳೆಯ ವಾಲ್ವ್ ಸೆಟ್ಟಿಗೆ 90 ವೋಲ್ಟಿನ ಬ್ಯಾಟರಿ ಬೇಕು. ಮೇಲಾಗಿ ವಾಲ್ವಿನೊಳಗಿನ ತಂತಿ ಕಾಯುತ್ತಲೇ ಇರಬೇಕು. ಹಾಡಿರಲಿ ಬಿಡಲಿ, ಖರ್ಚು ನಿಲ್ಲದು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಆ ಕಾಯಿಸುವ ಖರ್ಚನ್ನೇ ತೆಗೆದುಹಾಕಿತು. 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾದಾಗ ಕರೆಂಟಿಲ್ಲದ ಹಳ್ಳಿಯಲ್ಲೂ ಕೇಳಬಹುದಾಗಿತ್ತೆಂದರೆ ಅದರಿಂದಲೇ.

ನಮ್ಮಪ್ಪ ಶಹಾಬಾದಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಸೆಟ್ಟು ಬಂದರೆ ಮೊದಲು ವಾಲ್ಯೂಮು ಪೂರ್ತಿ ಇಳಿಸಿ, ಸೆಲ್ಲಿನ ದಾರಿಯಲ್ಲಿ ಮೀಟರು ಸೇರಿಸುತ್ತಿದ್ದರು. "ಸುಮ್ ಇದ್ದಾಗ ಎಷ್ಟ್ ತಿಂತದ ನೋಡು ಮದ್ಲ," ಅನ್ನೋರು. ಪುಶ್‌-ಪುಲ್ ಸೆಟ್ಟಿನ ಔಟ್‌ಪುಟ್ಟು ದನಿ ಏರಿದಾಗ ಮಾತ್ರ ಹೆಚ್ಚು ಕರೆಂಟು ಎಳೆಯಬೇಕು. ಸುಮ್ಮನಿದ್ದಾಗಲೂ ಎಳೆದರೆ ರೈತನ ದುಡ್ಡು ಸೆಲ್ಲಿನ ಜೊತೆ ಕರಗುತ್ತದೆ.

1963ರಲ್ಲಿ ಫ್ರಾಂಕ್ ವಾನ್ಲಾಸ್ ರೂಪಿಸಿದ ಸಿಮಾಸ್ ಸರ್ಕಿಟ್ಟಿನ ಜಾಣತನವೂ ಇದೇ: ಸ್ಥಿತಿ ಬದಲಾಗುವಾಗಷ್ಟೇ ಹೆಚ್ಚು ಖರ್ಚು. ಡಿಜಿಟಲ್ ವಾಚು ಗುಂಡಿಸೆಲ್ಲೊಂದರಲ್ಲಿ ವರ್ಷಗಟ್ಟಲೆ ಓಡಿದ್ದು ಅದರ ಬಲದಿಂದ. 1989ರ ಕ್ಯಾಸಿಯೊ ಎಫ್‌-91ಡಬ್ಲ್ಯುಗೆ ಒಂದು ಸೆಲ್ಲು ಸುಮಾರು 7 ವರ್ಷ.

ಈಗ ನನ್ನ ಮೇಜಿನ ಮೇಲೆ ಮೈಕ್ರೊಕಂಟ್ರೋಲರುಗಳು. ತೊಗರಿ ಹೊಲದ ಹಸಿ ಅಳೆಯುವ ಪೆಟ್ಟಿಗೆ ಮಾಡಬೇಕೆಂದು ಹುಡುಗರು ಬರುತ್ತಾರೆ. ಚಿಪ್ಪಿನ ವೇಗ ಕೇಳುತ್ತಾರೆ. ನಾನು ಅಪ್ಪನ ಪ್ರಶ್ನೆಯನ್ನೇ ಕೇಳುತ್ತೇನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಎಂಎಸ್‌ಪಿ430ಜಿ2553 ಗಡಿಯಾರದ ಲೆಕ್ಕ ಇಟ್ಟುಕೊಂಡೇ ಅರ್ಧ ಮೈಕ್ರೊಆಂಪಿಯರಿನ ಆಸುಪಾಸಿನಲ್ಲಿ ಮಲಗುತ್ತದೆ. ನಾರ್ವೆಯಲ್ಲಿ ಹುಟ್ಟಿದ ಎವಿಆರ್ ಮನೆತನದ ಎಟಿಮೆಗಾ328ಪಿಗೆ ಅದೇ ಕೆಲಸಕ್ಕೆ ಮುಕ್ಕಾಲು ಮೈಕ್ರೊಆಂಪಿಯರ್. ವೈಫೈ ಇರುವ ಇಎಸ್‌ಪಿ8266 ಗಾಢ ನಿದ್ದೆಯಲ್ಲಿ 20 ತಿನ್ನುತ್ತದೆ. ಸುದ್ದಿ ಕಳಿಸುವಾಗಂತೂ ಅದಕ್ಕೆ 170 ಮಿಲಿಆಂಪಿಯರ್ ಬೇಕು. ಗುಂಡಿಸೆಲ್ಲು ಅಷ್ಟನ್ನು ಕೊಡಲಾರದು.

220 ಮಿಲಿಆಂಪಿಯರ್-ಗಂಟೆಯ ಸಿಆರ್‌2032 ಸೆಲ್ಲು 20 ಮೈಕ್ರೊಆಂಪಿಯರಿನ ನಿದ್ದೆಗೇ ಹದಿನೈದು ತಿಂಗಳಲ್ಲಿ ಖಾಲಿ. ನಿದ್ದೆ ಒಂದೇ ಮೈಕ್ರೊಆಂಪಿಯರಾದರೆ ಲೆಕ್ಕ 25 ವರ್ಷ ಬರುತ್ತದೆ, ಅಷ್ಟರೊಳಗೆ ಸೆಲ್ಲೇ ಮುಪ್ಪಾಗುತ್ತದೆ.

ಹುಡುಗರು ತರುವುದು ಬಹುಪಾಲು ಆರ್ಡುಯಿನೊ ಉನೊ ಬೋರ್ಡು. ಅದರಲ್ಲಿರುವ ಎಟಿಮೆಗಾ328ಪಿ ಚಿಪ್ಪನ್ನು ಮಲಗಿಸಿದರೂ ರೆಗ್ಯುಲೇಟರು, ಯುಎಸ್‌ಬಿ ಚಿಪ್ಪು, ಪವರ್ ದೀಪ ಎಚ್ಚರವೇ ಇರುತ್ತವೆ; ಹತ್ತಾರು ಮಿಲಿಆಂಪಿಯರ್ ಪೋಲು. ಇದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಲಿಯಲು ಆ ಬೋರ್ಡು ಒಳ್ಳೆಯದು, ಹೊಲಕ್ಕಲ್ಲ.

ಚಿಂಚೋಳಿಯ ಹೊಲಕ್ಕಾದರೆ ನನ್ನ ಆಯ್ಕೆ ಎಂಎಸ್‌ಪಿ430, ಜೊತೆಗೆ ಎರಡು ಪೆನ್ಸಿಲ್ ಸೆಲ್ಲು. ಎಟಿಮೆಗಾ ಕೈಗೆ ಸಿಕ್ಕರೆ ಬೋರ್ಡು ಬಿಟ್ಟು ಬರೀ ಚಿಪ್ಪು ಹಾಕಿ. ಯಾವುದನ್ನೇ ಹಾಕಿ, ಪೆಟ್ಟಿಗೆ ಮುಚ್ಚುವ ಮೊದಲು ನಿದ್ದೆಯ ಕರೆಂಟನ್ನು ಮೀಟರಿನಲ್ಲಿ ಅಳೆದು ನೋಡಿ.