ಕಡಲಿನ ತೆರೆ, ಒಳನಾಡಿನ ನೆರೆ: ಮೈಸೂರು ಜಿಲ್ಲೆಯ ನಾಲ್ಕು ತಾಲೂಕುಗಳಿಗೆ ಅರಬ್ಬೀ ಸಮುದ್ರದ ಹವಾಮಾನ

ಮಳೆಗಾಲ ಬಂತೆಂದರೆ ಕರಾವಳಿಯಲ್ಲಿ ಎಲ್ಲರ ಕಣ್ಣು ಕಡಲಿನ ಮೇಲೆ. ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ, ಉಳ್ಳಾಲ-ಸೋಮೇಶ್ವರದ ಕಡಲ್ಕೊರೆತ, ಅಳಿವೆಯಲ್ಲಿ ಅಬ್ಬರದ ತೆರೆ ಇವೆಲ್ಲ ನಮಗೆ ಪ್ರತಿ ವರ್ಷದ ಸುದ್ದಿ. ಆದರೆ ಈ ಸುದ್ದಿ ಘಟ್ಟದ ಮೇಲಿನವರಿಗೂ ಸೇರಿದ್ದು ಎಂಬುದನ್ನು ನಾವು ಹೆಚ್ಚಾಗಿ ಯೋಚಿಸುವುದಿಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲೂಕುಗಳಿಗೆ ಕಡಲಿಲ್ಲ. ಆದರೂ ಅಲ್ಲಿನ ಹೊಲದ ಹದ, ನಾಲೆಯ ನೀರು, ನದಿಯ ನೆರೆ ಎಲ್ಲವೂ ಅರಬ್ಬೀ ಸಮುದ್ರದ ಮೇಲೆ ನಿಂತಿವೆ. ಕಡಲಿನ ಹವಾಮಾನದ ಸೂಚನೆಗಳನ್ನು ಈ ನಾಲ್ಕು ತಾಲೂಕುಗಳವರು ಹೇಗೆ ಓದಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಕಡಲಿನ ಒಂದು ವರ್ಷ

ಅರಬ್ಬೀ ಸಮುದ್ರದ ವರ್ಷವನ್ನು ಮೂರು ಭಾಗ ಮಾಡಬಹುದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಸಮುದ್ರದ ನೀರು ಚೆನ್ನಾಗಿ ಕಾದಿರುತ್ತದೆ. ಈ ಕಾಲದಲ್ಲಿ ಚಂಡಮಾರುತ ಹುಟ್ಟುವ ಸಂಭವವಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಹೀಗೆಯೇ ಲಕ್ಷದ್ವೀಪದ ಬಳಿ ಬಲಗೊಂಡು, ನಮ್ಮ ಕರಾವಳಿಯನ್ನು ಕಲಕಿ, ಮೇ 17ರಂದು ಗುಜರಾತಿನಲ್ಲಿ ದಡ ಸೇರಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು, 2023ರಲ್ಲಿ ಜೂನ್ 8ರವರೆಗೆ ಕಾಯಿಸಿತು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಇಡುವ ಕಾಲ ಎಂಬುದು ಇದಕ್ಕೆ ಮುಖ್ಯ ಕಾರಣವಾದರೂ, ಕಡಲು ಅತ್ಯಂತ ಒರಟಾಗಿರುವ ದಿನಗಳೂ ಇವೇ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಆಗ ಹೆಚ್ಚಿನ ತೂಫಾನುಗಳು ಬಂಗಾಳಕೊಲ್ಲಿಯಿಂದ ಬರುತ್ತವೆ. 2017ರ ನವೆಂಬರ್ ಕೊನೆಯಲ್ಲಿ ಕೇರಳ, ತಮಿಳುನಾಡಿನ ಮೀನುಗಾರರ ಮನೆಗಳಲ್ಲಿ ಗೋಳು ತಂದ ಒಖಿ ಚಂಡಮಾರುತ ಈ ಕಾಲದ್ದು.

ಸೂಚನೆಯ ಪದಗಳ ಅರ್ಥ

ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಪದಗಳನ್ನು ತಿಳಿದಿರುವುದು ಒಳ್ಳೆಯದು.

ವಾಯುಭಾರ ಕುಸಿತ: ಸುತ್ತುವ ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದಾಗ ಈ ಹೆಸರು. 62 ಕಿ.ಮೀ. ಮುಟ್ಟಿದರೆ ಅದು ಚಂಡಮಾರುತ, ಅದಕ್ಕೊಂದು ಹೆಸರನ್ನೂ ಇಡಲಾಗುತ್ತದೆ. 118 ಕಿ.ಮೀ. ಮುಟ್ಟಿದರೆ ಅತಿ ತೀವ್ರ ಚಂಡಮಾರುತ.

ಕರಾವಳಿಯುದ್ದದ ಟ್ರಫ್: ಗುಜರಾತಿನಿಂದ ಕೇರಳದ ತನಕ ದಡಕ್ಕೆ ಸಮಾನಾಂತರವಾಗಿ ಹರಡುವ ಕಡಿಮೆ ಒತ್ತಡದ ಪಟ್ಟಿ. ಇದು ಕಾಣಿಸಿಕೊಂಡಾಗ, ಅದರಲ್ಲೂ ಅದೇ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ, ಪಶ್ಚಿಮದ ಗಾಳಿ ಬಲಗೊಂಡು ಘಟ್ಟದ ಮೇಲೆ ದಿನಗಟ್ಟಲೆ ಮಳೆ ಸುರಿಯುತ್ತದೆ.

ಬಣ್ಣದ ಸೂಚನೆ: ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರೀ, 204.5 ಮಿ.ಮೀ. ಮತ್ತು ಅದಕ್ಕೂ ಮೇಲೆ ಅತ್ಯಂತ ಭಾರೀ ಮಳೆ.

ಕಳ್ಳಕ್ಕಡಲ್: ಇದು ಕೇರಳದ ಮೀನುಗಾರರ ಮಾತು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಗಾಳಿ ಎಬ್ಬಿಸಿದ ಉಬ್ಬುತೆರೆಗಳು ಕೆಲವು ದಿನಗಳ ನಂತರ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತವೆ. ಆ ದಿನ ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಕಳ್ಳನಂತೆ ಬರುವುದರಿಂದ ಈ ಹೆಸರು. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಇಂಥ ತೆರೆಗಳ ಬಗ್ಗೆ ಮುಂಚಿತವಾಗಿ ತಿಳಿಸುತ್ತದೆ.

ಈ ಕೊನೆಯ ಮಾತನ್ನು ನಾಲ್ಕು ತಾಲೂಕುಗಳ ಓದುಗರು ವಿಶೇಷವಾಗಿ ಗಮನಿಸಬೇಕು. ಗಾಳಿಯಿಲ್ಲದ ದಿನ ಕರಾವಳಿಗೆ ತೆರೆ ಬರುವಂತೆಯೇ, ಮಳೆಯಿಲ್ಲದ ದಿನ ಅವರ ಊರಿಗೆ ನೆರೆ ಬರುತ್ತದೆ.

ಘಟ್ಟ ದಾಟಿದ ಗಾಳಿ

ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಕಡಲಿನ ಗಾಳಿ ಘಟ್ಟವನ್ನು ಏರುವಾಗ ತಣ್ಣಗಾಗಿ ತನ್ನ ನೀರನ್ನು ಅಲ್ಲಿಯೇ ಸುರಿಸುವುದರಿಂದ ಕೊಡಗಿನ ಭಾಗಮಂಡಲದಲ್ಲಿ ಮಳೆ ಇನ್ನೂ ಹೆಚ್ಚು. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಹೊತ್ತಿಗೆ ಗಾಳಿಯಲ್ಲಿ ಉಳಿದಿರುವುದು ಸ್ವಲ್ಪವೇ. ಮೈಸೂರು ಜಿಲ್ಲೆಯ ವರ್ಷದ ಸರಾಸರಿ ಮಳೆ 800 ಮಿ.ಮೀ. ಆಸುಪಾಸಿನಲ್ಲಿದೆ. ನಾಗರಹೊಳೆಯ ಕಾಡಿನ ಅಂಚಿಗೆ, ಪಿರಿಯಾಪಟ್ಟಣದ ಪಶ್ಚಿಮದ ಊರುಗಳಿಗೆ ತುಸು ಹೆಚ್ಚು, ಕೆ.ಆರ್. ನಗರದ ಕಡೆಗೆ ಹೋದಂತೆ ಕಡಿಮೆ.

ಅಂದರೆ ಕಡಲು ಈ ತಾಲೂಕುಗಳಿಗೆ ಎರಡು ದಾರಿಯಲ್ಲಿ ಬರುತ್ತದೆ. ಆಕಾಶದ ದಾರಿಯಲ್ಲಿ ಬರುವುದು ಸೋನೆ ಮಳೆ. ನದಿಯ ದಾರಿಯಲ್ಲಿ ಬರುವುದು ಘಟ್ಟದ ಮೇಲೆ ಬಿದ್ದ ಜಡಿಮಳೆಯ ಅಷ್ಟೂ ನೀರು.

ಮೂರು ನದಿಗಳು

ಕಬಿನಿ: ವಯನಾಡಿನ ಮಾನಂದವಾಡಿ ಹೊಳೆ ಮತ್ತು ಪನಮರಂ ಹೊಳೆ ಕೂಡಿ ಕಬಿನಿಯಾಗಿ, ಎಚ್.ಡಿ. ಕೋಟೆ ತಾಲೂಕಿನ ಅಂಚಿನಲ್ಲಿ ಕರ್ನಾಟಕಕ್ಕೆ ಬರುತ್ತದೆ. ಬೀಚನಹಳ್ಳಿಯಲ್ಲಿ ಅದಕ್ಕೆ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯಿದೆ. ಗರಿಷ್ಠ ಮಟ್ಟ 2284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಬರುವ ನೀರಿಗೆ ಹೋಲಿಸಿದರೆ ಇದು ಸಣ್ಣ ಜಲಾಶಯ. ಆದ್ದರಿಂದ ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡದೆ ಬೇರೆ ದಾರಿಯಿಲ್ಲ.

ಲಕ್ಷ್ಮಣತೀರ್ಥ: ಕೊಡಗಿನ ಬ್ರಹ್ಮಗಿರಿಯಲ್ಲಿ, ಇರ್ಪು ಜಲಪಾತದ ಕಡೆ ಹುಟ್ಟಿ ಹನಗೋಡು, ಹುಣಸೂರು ಪಟ್ಟಣಗಳ ಮೂಲಕ ಕೆ.ಆರ್.ಎಸ್. ಹಿನ್ನೀರನ್ನು ಸೇರುತ್ತದೆ. ಮೇಲ್ಭಾಗದಲ್ಲಿ ನೀರನ್ನು ಹಿಡಿದಿಡುವ ದೊಡ್ಡ ಜಲಾಶಯವಿಲ್ಲ. ಹನಗೋಡಿನದ್ದು ನಾಲೆಗೆ ನೀರು ತಿರುಗಿಸುವ ಅಣೆಕಟ್ಟೆ ಮಾತ್ರ. ಹಾಗಾಗಿ ದಕ್ಷಿಣ ಕೊಡಗಿನಲ್ಲಿ ಮಳೆ ಜೋರಾದರೆ ಹುಣಸೂರಿನಲ್ಲಿ ನೀರು ಏರುವುದು ಬೇಗ.

ಕಾವೇರಿ: ಕುಶಾಲನಗರದಿಂದ ಪಿರಿಯಾಪಟ್ಟಣದ ಗಡಿಯನ್ನು ಸವರಿ, ಹಾರಂಗಿಯ ನೀರನ್ನೂ ಕೂಡಿಸಿಕೊಂಡು, ಕೆ.ಆರ್. ನಗರ ಕಡೆಯ ಚುಂಚನಕಟ್ಟೆಯಲ್ಲಿ ಧುಮುಕಿ ಕೆ.ಆರ್.ಎಸ್. ಸೇರುತ್ತದೆ. ಹಾರಂಗಿ ಜಲಾಶಯದ ಸಾಮರ್ಥ್ಯ 8.5 ಟಿಎಂಸಿ ಮಾತ್ರ, ಅದೂ ಬೇಗ ತುಂಬುತ್ತದೆ.

ನೆನಪಿನಲ್ಲಿಡಬೇಕಾದ ವರ್ಷಗಳು

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. ಜೋಡುಪಾಲ, ಮದೆನಾಡು ಭಾಗದಲ್ಲಿ ಹೆದ್ದಾರಿ ಕಡಿದುಹೋಗಿ, ಮಂಗಳೂರಿನಿಂದ ಮಡಿಕೇರಿ, ಪಿರಿಯಾಪಟ್ಟಣ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಹೋಗುವ ಸಂಪರ್ಕ ವಾರಗಟ್ಟಲೆ ನಿಂತಿತು.

2019ರ ಆಗಸ್ಟ್‌ನಲ್ಲಿ ವಯನಾಡು ಮತ್ತು ಕೊಡಗಿನಲ್ಲಿ ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ಕಬಿನಿ ಜಲಾಶಯದಿಂದ 1 ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು ನೀರು ಬಿಡಬೇಕಾಯಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಕೆಳಗೆ ಮೈಸೂರು-ನಂಜನಗೂಡು ರಸ್ತೆಯ ಮೇಲೂ ನೀರು ಹರಿಯಿತು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ತಗ್ಗು ಪ್ರದೇಶದ ಮನೆಗಳಿಗೆ ನುಗ್ಗಿತು.

2023 ಇದಕ್ಕೆ ವಿರುದ್ಧ. ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತ ದಿನಗಟ್ಟಲೆ ಅರಬ್ಬೀ ಸಮುದ್ರದಲ್ಲಿ ಸುತ್ತಿ ಜೂನ್ 15ರಂದು ಗುಜರಾತನ್ನು ಸೇರಿತು. ನಮ್ಮ ದಡದಲ್ಲಿ ತೆರೆಗಳ ಅಬ್ಬರವಿತ್ತು, ಆದರೆ ಮುಂಗಾರು ಸೊರಗಿತ್ತು. ಆ ವರ್ಷದ ಆಗಸ್ಟ್ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಯಿತು. ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಕಡಲು ಒರಟಾದ ಮಾತ್ರಕ್ಕೆ ಹೊಲಕ್ಕೆ ಮಳೆ ಬಂದೇ ಬರುತ್ತದೆ ಎಂದು ಎಣಿಸುವಂತಿಲ್ಲ. ದೂರದ ಚಂಡಮಾರುತ ತೇವವನ್ನು ತನ್ನತ್ತ ಸೆಳೆದುಕೊಳ್ಳುವುದೂ ಉಂಟು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಭೂಕುಸಿತವಾಗಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಆ ಜಾಗದ ನೀರು ಪಶ್ಚಿಮಕ್ಕೆ ಚಾಲಿಯಾರ್ ನದಿಗೆ ಹರಿಯುತ್ತದೆ. ಅದೇ ಜಿಲ್ಲೆಯ ಬಹುಪಾಲು ನೀರು ಹರಿದುಬರುವುದು ಪೂರ್ವಕ್ಕೆ, ಕಬಿನಿಗೆ.

ಅದೇ ವರ್ಷ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಶೇಷ ದಕ್ಷಿಣ ಒಳನಾಡಿಗೆ ಮಳೆ ಸುರಿಸಿ, ಆಮೇಲೆ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಹಿಂಗಾರಿನಲ್ಲಿ ಸುದ್ದಿ ಪೂರ್ವದಿಂದ ಬರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಬೆಳೆಯ ಲೆಕ್ಕ

ಈ ನಾಲ್ಕು ತಾಲೂಕುಗಳ ಮುಖ್ಯ ವಾಣಿಜ್ಯ ಬೆಳೆ ಹೊಗೆಸೊಪ್ಪು. ಮಳೆಯನ್ನೇ ನಂಬಿದ ಬೆಳೆ. ಮೇ-ಜೂನ್‌ನ ಹದ ಮಳೆಗೆ ಸಸಿ ನಾಟಿಯಾಗುತ್ತದೆ. ಮುಂಗಾರು ತಡವಾದರೆ ಸಸಿ ಮಡಿಯಲ್ಲೇ ಬಲಿಯುತ್ತದೆ. ಬಿಡದೆ ಸುರಿದರೆ ಹಗುರ ಮಣ್ಣಿನಿಂದ ಗೊಬ್ಬರ ತೊಳೆದುಹೋಗಿ ಎಲೆ ಹಳದಿಯಾಗುತ್ತದೆ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಟ್ರಫ್ ಬಲಗೊಂಡಿದೆ ಎಂಬ ಸುದ್ದಿ ಕೇಳಿದಾಗ ಗೊಬ್ಬರ ಹಾಕುವುದನ್ನು ಎರಡು ದಿನ ಮುಂದಕ್ಕೆ ಹಾಕುವುದು, ಬಸಿಗಾಲುವೆ ತೆಗೆದಿಡುವುದು, ಬ್ಯಾರನ್‌ಗೆ ಬೇಕಾದ ಸೌದೆಯನ್ನು ಮುಚ್ಚಿಡುವುದು ಲಾಭ. ಎಚ್.ಡಿ. ಕೋಟೆಯ ಹತ್ತಿ, ಶುಂಠಿಗೂ ನಿಂತ ನೀರು ಶತ್ರು. ನವೆಂಬರ್-ಡಿಸೆಂಬರ್‌ನಲ್ಲಿ ರಾಗಿ, ಭತ್ತ ಕೊಯ್ಲಿಗೆ ಬಂದಿರುವಾಗ ಬಂಗಾಳಕೊಲ್ಲಿಯ ಸುದ್ದಿ ಕೇಳಿಯೇ ಕಟಾವಿನ ದಿನ ಗೊತ್ತುಮಾಡಬೇಕು.

ಏನನ್ನು ನೋಡಬೇಕು?

ಬಣ್ಣದ ಸೂಚನೆ ಕೊಡುವುದು ಜಿಲ್ಲೆಯ ಲೆಕ್ಕದಲ್ಲಿ. ಮೈಸೂರಿಗೆ ಹಸಿರು ಅಥವಾ ಹಳದಿ ಇರುವ ದಿನವೇ ವಯನಾಡು, ಕೊಡಗಿಗೆ ಕೆಂಪು ಇರಬಹುದು. ನದಿದಡದವರು ತಮ್ಮ ಜಿಲ್ಲೆಯ ಬಣ್ಣವನ್ನಷ್ಟೇ ನೋಡಿ ಸಮಾಧಾನಪಟ್ಟರೆ ಅಪಾಯ.

1. ಮೊದಲು ಕರಾವಳಿಯ ಮೀನುಗಾರರ ಎಚ್ಚರಿಕೆ ಮತ್ತು ಟ್ರಫ್‌ನ ಸುದ್ದಿ ಕೇಳಿ.

2. ಆಮೇಲೆ ಎಚ್.ಡಿ. ಕೋಟೆಯವರು ವಯನಾಡಿನ, ಹುಣಸೂರಿನವರು ದಕ್ಷಿಣ ಕೊಡಗಿನ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದವರು ಭಾಗಮಂಡಲ-ಮಡಿಕೇರಿಯ ಮಳೆ ನೋಡಿ.

3. ಕಬಿನಿ, ಹಾರಂಗಿಯ ಒಳಹರಿವು ಮತ್ತು ಹೊರಹರಿವು ದಿನಪತ್ರಿಕೆಗಳಲ್ಲಿ ಬರುತ್ತದೆ. ಜಲಾಶಯ ತುಂಬಿದ್ದು ಒಳಹರಿವು ಏರುತ್ತಿದ್ದರೆ ಹೊರಹರಿವೂ ಏರಲಿದೆ ಎಂದೇ ತಿಳಿಯಿರಿ. ಪಂಪ್‌ಸೆಟ್, ದನಕರುಗಳನ್ನು ಹಗಲಿನಲ್ಲೇ ಮೇಲಕ್ಕೆ ಸಾಗಿಸಿ.

4. ಬಿಸಿಲಿದ್ದರೂ ಅಂಥ ದಿನ ಹೊಳೆಗೆ ಇಳಿಯಬೇಡಿ. ಮುಳುಗಿದ ಸೇತುವೆಯ ಮೇಲೆ ವಾಹನ ಹಾಯಿಸಬೇಡಿ. ಚುಂಚನಕಟ್ಟೆಗೆ ನೀರು ನೋಡಲು ಹೋಗುವವರು ದೂರದಿಂದಲೇ ನೋಡಿ.

5. ಹವಾಮಾನ ಇಲಾಖೆಯ ಮೌಸಮ್, ರೈತರಿಗಾಗಿ ಮೇಘದೂತ, ಸಿಡಿಲಿನ ಸೂಚನೆಗೆ ದಾಮಿನಿ ಆ್ಯಪ್‌ಗಳಿವೆ. ತುರ್ತಿಗೆ 112, ಜಿಲ್ಲಾಡಳಿತದ ನಿಯಂತ್ರಣ ಕೊಠಡಿಗೆ 1077.

ಕರಾವಳಿಯಲ್ಲಿರುವ ನಮಗೂ ಇಲ್ಲೊಂದು ಕೆಲಸವಿದೆ. ಘಟ್ಟದ ಮೇಲೆ ನಮ್ಮ ನೆಂಟರಿದ್ದಾರೆ, ಸ್ನೇಹಿತರಿದ್ದಾರೆ. ಇಲ್ಲಿ ಕಡಲು ಕೆರಳಿದ ದಿನ ಅವರಿಗೊಂದು ಫೋನ್ ಮಾಡಿ ಹೇಳೋಣ. ನೀರು ಅವರ ಮನೆ ಬಾಗಿಲಿಗೆ ಬರುವ ಮೊದಲು ನಮ್ಮ ಮಾತು ತಲುಪಲಿ.