ಬೆಂಗಳೂರಿನ ಪೌರಸಭೆಯೂ ನಿವಾಸಿಗಳ ಅರ್ಜಿಗಳೂ

ಪೌರಸಂಸ್ಥೆಗಳ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಕಾಯಿದೆಗಳ ಜಾಡನ್ನು ಹಿಡಿದು ನಡೆದಿದ್ದಾರೆ. ಯಾವ ವರ್ಷ ಯಾವ ಶಾಸನವು ಜಾರಿಗೆ ಬಂದಿತು, ಸದಸ್ಯರಲ್ಲಿ ಚುನಾಯಿತರೆಷ್ಟು, ನಾಮಕರಣಗೊಂಡವರೆಷ್ಟು ಎಂಬ ಲೆಕ್ಕವೇ ಅವರಿಗೆ ಮುಖ್ಯವಾಗಿದ್ದಿತು. ಊರಿನ ಸಾಮಾನ್ಯ ನಿವಾಸಿಯಾದರೋ ಪೌರಸಭೆಯನ್ನು ಅರಿತುದು ಅರ್ಜಿಯ ಮೂಲಕ. ಚರಂಡಿ ಕಟ್ಟಿಕೊಂಡಿದೆ, ಬಾವಿಯ ನೀರು ಕೆಟ್ಟಿದೆ, ಬೀದಿಗೆ ದೀಪವಿಲ್ಲ ಎಂದು ಬರೆದುಕೊಂಡಾಗಲೇ ಅವನಿಗೂ ಪೌರಸಭೆಗೂ ಸಂಬಂಧವುಂಟಾಗುತ್ತಿದ್ದಿತು. ಈ ದೃಷ್ಟಿಯಿಂದ ಬೆಂಗಳೂರಿನ ಪೌರಾಡಳಿತವನ್ನು ಪರಿಶೀಲಿಸಿದರೆ, ಅರ್ಜಿಯ ಬಲವು ಅರ್ಜಿದಾರರ ಸಂಖ್ಯೆಯನ್ನಾಗಲಿ ಅವರ ನ್ಯಾಯವನ್ನಾಗಲಿ ಅವಲಂಬಿಸಿದುದಕ್ಕಿಂತ ಹೆಚ್ಚಾಗಿ, ಅದನ್ನು ಸ್ವೀಕರಿಸಿದ ಸಂಸ್ಥೆಯ ಅಧಿಕಾರವ್ಯಾಪ್ತಿಯನ್ನು ಅವಲಂಬಿಸಿದ್ದಿತೆಂಬುದು ಗೋಚರವಾಗುತ್ತದೆ.

ಪೌರಸಭೆಗಳ ಹುಟ್ಟಿನಲ್ಲಿಯೇ ನಿವಾಸಿಗಳ ಅರ್ಜಿಗೆ ಒಂದು ಸ್ಥಾನವಿದ್ದಿತು. ಬಂಗಾಳ ಪ್ರಾಂತಕ್ಕೆಂದು ರಚಿತವಾದ 1842ರ ಕಾಯಿದೆಯ ಪ್ರಕಾರ, ಊರಿನ ಗೃಹಸ್ಥರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಪೇಕ್ಷಿಸಿದರೆ ಮಾತ್ರ ಅಲ್ಲಿ ಪೌರವ್ಯವಸ್ಥೆಯನ್ನು ಏರ್ಪಡಿಸಬಹುದಾಗಿದ್ದಿತು. ಮನೆಗಳ ಮೇಲೆ ನೇರವಾಗಿ ತೆರಿಗೆ ಬೀಳುವುದೆಂದು ತಿಳಿದಮೇಲೆ ಅಪೇಕ್ಷಿಸುವವರು ಯಾರು? ಅದನ್ನು ಪ್ರಯೋಗಿಸಿದ ಒಂದೇ ಊರಿನಲ್ಲಿ ಜನರು ತೆರಿಗೆಯನ್ನು ನಿರಾಕರಿಸಿದುದಲ್ಲದೆ, ವಸೂಲಿಗೆ ಬಂದ ಕಲೆಕ್ಟರನ ಮೇಲೆ ಅತಿಕ್ರಮ ಪ್ರವೇಶದ ಮೊಕದ್ದಮೆಯನ್ನೂ ಹೂಡಿದರು! 1850ರ ಇಪ್ಪತ್ತಾರನೆಯ ಕಾಯಿದೆಯು ಭಾರತಕ್ಕೆಲ್ಲ ಅನ್ವಯಿಸುವಂತಹುದು. ಪರೋಕ್ಷ ತೆರಿಗೆಗಳಿಗೂ ಅವಕಾಶ ಕೊಟ್ಟುದರಿಂದ ಅದು ಹೆಚ್ಚು ಬಳಕೆಗೆ ಬಂದಿತು. ಅದರಲ್ಲಿಯೂ ನಿವಾಸಿಗಳ ಇಚ್ಛೆಯಿದೆಯೆಂದು ಸರಕಾರಕ್ಕೆ ಮನದಟ್ಟಾಗಬೇಕೆಂಬ ನಿಬಂಧನೆಯಿದ್ದಿತು.

ಈ ಕಾಯಿದೆಯ ಅನುಸಾರವಾಗಿಯೇ 1862ರಲ್ಲಿ ಬೆಂಗಳೂರಿನ ಪೇಟೆಗೆ ಒಂಬತ್ತು ಮಂದಿ ಪ್ರಮುಖರ ಮಂಡಲಿಯೊಂದು ಏರ್ಪಟ್ಟಿತು. ದಂಡಿನ ಪ್ರದೇಶಕ್ಕೆ ಅಂತಹುದೇ ಬೇರೊಂದು ಮಂಡಲಿ ಬಂದಿತು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿದಾಗ ದಂಡು ಬ್ರಿಟಿಷರ ಆಡಳಿತದಲ್ಲಿಯೇ ಉಳಿದುದರಿಂದ, ಒಂದೇ ಊರಿನಂತೆ ಬೆಳೆಯುತ್ತಿದ್ದ ಪ್ರದೇಶಕ್ಕೆ ಎರಡು ಪೌರಸಭೆಗಳು, ಎರಡು ಸರಕಾರಗಳು ಆದುವು. ಗಡಿಯಲ್ಲಿದ್ದವರ ಕಷ್ಟವು ಯಾರ ಕಡತಕ್ಕೆ ಸೇರಬೇಕೆಂಬುದೇ ಒಂದು ಸಮಸ್ಯೆಯಾಯಿತು.

ಸಂಪಂಗಿ ಕೆರೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆಯ ನೀರನ್ನು ನಂಬಿ ಸುತ್ತಮುತ್ತ ತರಕಾರಿ ಮತ್ತು ಹೂವಿನ ತೋಟಗಳಿದ್ದುವು. ಅವುಗಳನ್ನು ಮಾಡುತ್ತಿದ್ದವರು ಮುಖ್ಯವಾಗಿ ವಹ್ನಿಕುಲ ಕ್ಷತ್ರಿಯರು, ಎಂದರೆ ತಿಗಳರು. ಬೆಂಗಳೂರಿನ ಕರಗದ ವಿಧಿಗಳಿಗೂ ಇದೇ ಕೆರೆಯ ನೀರು ಬೇಕು. ಆದುದರಿಂದ ಅವರಿಗೆ ಇದು ಜೀವನೋಪಾಯವೂ ಹೌದು, ಪುಣ್ಯಸ್ಥಳವೂ ಹೌದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೆರೆಯನ್ನು ಕುರಿತು ಪರಸ್ಪರ ವಿರುದ್ಧವಾದ ಬೇಡಿಕೆಗಳು ಅಧಿಕಾರಿಗಳ ಮುಂದೆ ಬಂದುವು. ಕೆರೆಯಲ್ಲಿ ನೀರು ನಿಲ್ಲಬೇಕೆಂದು ತೋಟಗಾರರು ಕೇಳಿದರು. ನೀರು ತುಂಬಿದರೆ ತಮ್ಮ ಹಿತ್ತಿಲಿಗೆ ನುಗ್ಗುವುದೆಂದು ಬಂಗಲೆಗಳವರು ದೂರಿದರು. ದಂಡಿನ ಪೋಲೋ ಆಟಗಾರರಿಗೆ ಕೆರೆಯ ಅಂಗಳವು ಒಣಗಿದ್ದರೇ ಅನುಕೂಲ.

ಇಲ್ಲಿ ಯಾವುದನ್ನು ಸ್ಥಳೀಯ ಹಿತವೆನ್ನಬೇಕು? ಮೂರು ಪಕ್ಷದವರೂ ಸ್ಥಳೀಯರೇ. ತಮ್ಮದೇ ನೆರೆಹೊರೆಯ ವಿಚಾರವಾಗಿಯೇ ಎಲ್ಲರೂ ಬರೆದುಕೊಂಡಿದ್ದರು. ನಿವಾಸಿಗಳೆಂದರೆ ಒಂದೇ ಮನಸ್ಸಿನ ಒಂದು ಸಮುದಾಯವೆಂದು ಭಾವಿಸುವ ಲೇಖಕರು ಈ ಪ್ರಸಂಗವನ್ನು ಗಮನಿಸುವುದು ಒಳಿತು. ಕೆರೆಯ ಕೋಡಿಯನ್ನು ಒಂದು ಅಡಿ ಎತ್ತರಿಸಿದರೆ ಒಬ್ಬನ ತೋಟ ಬದುಕುತ್ತದೆ, ಇನ್ನೊಬ್ಬನ ಅಂಗಳ ಕೆಸರಾಗುತ್ತದೆ. ಅಂತಹ ವಿಷಯದಲ್ಲಿ ತೀರ್ಮಾನ ಕೊಡುವವರಿಗೆ ಇಬ್ಬರೂ ಬೇಕಾದವರಾಗಿರಬೇಕು. ತೋಟಗಾರನಿಗೆ ದಂಡಿನ ಅಧಿಕಾರಿಗಳಲ್ಲಿ ಅಂತಹ ಸಲಿಗೆಯಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ತೋಟಗಾರರ ಬೇಡಿಕೆಯನ್ನು ದುರ್ಬಲಗೊಳಿಸಿದುದಕ್ಕೆ ಮತ್ತೊಂದು ಕಾರಣವೂ ಉಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳಾಯಿ ನೀರನ್ನು ತರುವ ಯೋಜನೆ ಆರಂಭವಾಗಿ, 1896ರ ವೇಳೆಗೆ ನೀರು ಬಂದಿತು. ಅದು ನಿಸ್ಸಂದೇಹವಾಗಿ ದೊಡ್ಡ ಉಪಕಾರ. ಅಲ್ಲಿಯವರೆಗೆ ಊರೊಳಗಿನ ಕೆರೆ ಕಟ್ಟೆಗಳು ಎಲ್ಲರ ಬಾಯಾರಿಕೆಯ ಪ್ರಶ್ನೆಯಾಗಿದ್ದುವು. ಕೊಳಾಯಿ ಬಂದಮೇಲೆ ಅವು ಕೆಲವರ ಬೇಸಾಯದ ಪ್ರಶ್ನೆಯಾಗಿ ಉಳಿದುವು. ಕೆರೆಗಾಗಿ ದನಿಯೆತ್ತುವವರು ಕಡಿಮೆಯಾದರು. 1930ರ ದಶಕವು ಮುಗಿಯುವ ಹೊತ್ತಿಗೆ ಕೆರೆಯ ಬಹುಭಾಗ ಬತ್ತಿಹೋಗಿದ್ದಿತು. ಬಳಿಕ ಆ ನೆಲದ ಮೇಲೆ ಶ್ರೀ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ಆಚರಣೆಗೆ ಬೇಕಾದಷ್ಟು ಒಂದು ಸಣ್ಣ ಕುಂಟೆ ಮಾತ್ರ ಉಳಿಯಿತು. ಬೇಸಾಯದ ಹಕ್ಕು ಹೋಗಿ ಆಚರಣೆಯ ಹಕ್ಕು ನಿಂತಿತೆಂಬುದು ವಿಚಾರಾರ್ಹ.

ಪೌರಸಭೆಯಲ್ಲಿ ಪರಿಹಾರ ಕಾಣದವರಿಗೆ ಇನ್ನೊಂದು ಬಾಗಿಲಿದ್ದಿತು. ರಂಗಾಚಾರ್ಲು ಅವರು 1881ರಲ್ಲಿ 144 ಸದಸ್ಯರಿಂದ ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ, ಕೆರೆ, ರಸ್ತೆ, ಶಾಲೆಗಳ ವಿಷಯವಾದ ಬಿನ್ನಹಗಳೇ ಹೇರಳವಾಗಿ ಬರುತ್ತಿದ್ದುವು. ಶಾಸನವನ್ನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಆದರೆ ಬಿನ್ನಹವು ದಿವಾನರ ಕಿವಿಗೆ ಬೀಳುತ್ತಿದ್ದಿತು.

1949ರಲ್ಲಿ ಎರಡು ಪೌರಸಭೆಗಳೂ ಸೇರಿ ನಗರ ಕಾರ್ಪೊರೇಷನ್ ರೂಪುಗೊಂಡಿತು. ಒಂದು ಊರಿಗೆ ಒಂದು ವಿಳಾಸ ದೊರೆತಂತಾಯಿತು. ಆದರೆ ಬಡಾವಣೆಗಳ ನಿರ್ಮಾಣವು 1945ರಲ್ಲಿಯೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಪಾಲಾಗಿದ್ದಿತು. 1976ರಲ್ಲಿ ಆ ಕೆಲಸ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋಯಿತು. ನೀರು ಮತ್ತು ಒಳಚರಂಡಿಗಳು 1964ರಲ್ಲಿ ಪ್ರತ್ಯೇಕ ಮಂಡಲಿಗೆ ಸೇರಿದುವು. ತಜ್ಞರ ಕೈಯಲ್ಲಿ ಕೆಲಸ ಚೆನ್ನಾಗಿ ನಡೆಯುವುದೆಂಬ ವಾದವು ನಿರಾಧಾರವಾದುದಲ್ಲ. ಆದರೆ ನಿವಾಸಿಯು ಓಟು ಕೊಟ್ಟು ಆರಿಸಿದ ಸದಸ್ಯನ ಬಳಿ ನೀರಿಲ್ಲವೆಂದು ದೂರಿದರೆ, ಆ ಸದಸ್ಯನೂ ಮಂಡಲಿಗೆ ಮತ್ತೊಂದು ಅರ್ಜಿಯನ್ನು ಬರೆಯಬೇಕಾಯಿತು. ಚುನಾಯಿತನೇ ಅರ್ಜಿದಾರನಾದ ಈ ಪರಿಣಾಮವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ.

1992ರಲ್ಲಿ ಅಂಗೀಕೃತವಾದ ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು, ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ವಿಧಿಸಿತು. ಅರ್ಜಿಯನ್ನು ಬರೆದು ಕಾಯುವುದರ ಬದಲು ನೆರೆಹೊರೆಯಲ್ಲಿಯೇ ಕುಳಿತು ಚರ್ಚಿಸುವ ಅವಕಾಶ ಅದರಲ್ಲಿದ್ದಿತು. ಬೆಂಗಳೂರಿನಲ್ಲಿ ಆ ಸಮಿತಿಗಳು ತಡವಾಗಿ, ಅದೂ ನ್ಯಾಯಾಲಯದ ಒತ್ತಾಯದ ಬಳಿಕ, ಚಲನೆಗೆ ಬಂದುವು. 2020ರ ಸೆಪ್ಟೆಂಬರಿನಲ್ಲಿ 198 ವಾರ್ಡುಗಳ ಮಹಾನಗರಪಾಲಿಕೆಯ ಅವಧಿಯು ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಭಜಿಸುವವರೆಗೂ ಚುನಾಯಿತ ಸಭೆಯಿರಲಿಲ್ಲ. ಆ ಐದು ವರ್ಷಗಳಲ್ಲಿ ಚರಂಡಿ, ಕಸ, ದೀಪಗಳನ್ನು ಕುರಿತ ದೂರುಗಳು ನಿಲ್ಲಲಿಲ್ಲ. 1862ಕ್ಕೆ ಹಿಂದೆ ಇದ್ದಂತೆಯೇ ಅವು ಸರಕಾರದ ಅಧಿಕಾರಿಗಳ ಮೇಜನ್ನು ಸೇರುತ್ತಿದ್ದುವು.